ಐದೂವರೆ ಗಂಟೆಯ ತಪ್ಪು

ಕಂಪ್ಯೂಟರಿನ ಗಡಿಯಾರ ತಪ್ಪಿದರೆ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಕೈಗಡಿಯಾರ ನೋಡಿ, ಪರದೆಯ ಮೂಲೆಯಲ್ಲಿರುವ ಅಂಕೆಗಳನ್ನು ಸರಿಪಡಿಸಿ, ಆ ವಿಷಯವನ್ನು ಅಲ್ಲಿಗೇ ಮರೆಯುತ್ತೇವೆ. ಮರುದಿನ ಬೆಳಗ್ಗೆ ಯಂತ್ರ ಚಾಲೂ ಮಾಡಿದಾಗ ಅದೇ ತಪ್ಪು ಅದೇ ಮೂಲೆಯಲ್ಲಿ ಕುಳಿತಿರುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಡಿಟಿಪಿ ಅಂಗಡಿಗಳಲ್ಲಿ, ಸೈಬರ್ ಕೇಂದ್ರಗಳಲ್ಲಿ ಇಂಥ ಗಡಿಯಾರಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಕೇಳಿದರೆ, "ಅದು ಹಾಗೇ, ಅದನ್ನು ನೋಡ್ಬೇಡಿ" ಎಂದು ಅಂಗಡಿಯವರು ಗೋಡೆಯ ಗಡಿಯಾರದತ್ತ ಬೆರಳು ತೋರಿಸುತ್ತಾರೆ.

ಅದನ್ನು ನೋಡಲೇಬೇಕು ಎಂಬುದು ನಮ್ಮ ವಾದ. ಯಂತ್ರ ಮನಸ್ಸಿಗೆ ಬಂದಂತೆ ತಪ್ಪುವುದಿಲ್ಲ. ಅದು ಎಷ್ಟು ತಪ್ಪಿದೆ ಎಂಬ ಲೆಕ್ಕದಲ್ಲೇ ಏಕೆ ತಪ್ಪಿದೆ ಎಂಬುದಕ್ಕೆ ಉತ್ತರವಿದೆ. ಆ ಉತ್ತರದ ಹಿಂದೆ ಹೋದರೆ ಮದರಾಸಿನ ನಕ್ಷತ್ರ ವೀಕ್ಷಣಾಲಯ, ಲಂಡನ್ನಿನ ಗ್ರೀನಿಚ್, ಮುಂಬೈಯ ಗಿರಣಿಗಳು, ದುಬೈಯಿಂದ ಬಂದ ಲ್ಯಾಪ್‌ಟಾಪು ಎಲ್ಲವೂ ಸಾಲಾಗಿ ಎದುರಾಗುತ್ತವೆ. ನಮ್ಮ ಮಟ್ಟಿಗೆ ಇದು ಚರಿತ್ರೆಯ ವಿಷಯ. ರಿಪೇರಿ ಅದರ ಜೊತೆಗೆ ಸಿಗುವ ಲಾಭ.

ಮೊದಲು ಯಂತ್ರದ ಒಳಗೆ ಏನಿದೆ ನೋಡೋಣ. ಅಲ್ಲಿರುವುದು ಒಂದು ಗಡಿಯಾರವಲ್ಲ, ಎರಡು. ಒಂದು ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ ಬ್ಯಾಟರಿಯ ಬಲದಿಂದ ಹಗಲೂ ರಾತ್ರಿ ನಡೆಯುತ್ತಿರುತ್ತದೆ. ಕರೆಂಟು ಹೋದರೂ ನಿಲ್ಲುವುದಿಲ್ಲ. ಇದರ ಹೆಸರು ರಿಯಲ್ ಟೈಮ್ ಕ್ಲಾಕ್, ಚುಟುಕಾಗಿ ಆರ್‌ಟಿಸಿ. ಕರ್ನಾಟಕದ ರೈತನಿಗೆ ಆರ್‌ಟಿಸಿ ಎಂದರೆ ಪಹಣಿ. ಆ ಆರ್‌ಟಿಸಿಗೂ ಈ ಆರ್‌ಟಿಸಿಗೂ ಒಂದು ನಂಟಿದೆ, ಅದನ್ನು ಮುಂದೆ ಹೇಳುತ್ತೇವೆ. ಇನ್ನೊಂದು ಗಡಿಯಾರ ವಿಂಡೋಸ್ ಅಥವಾ ಲಿನಕ್ಸ್ ತಂತ್ರಾಂಶದ ನೆನಪಿನಲ್ಲಿರುವುದು. ಬೂಟ್ ಆಗುವಾಗ ಈ ಎರಡನೆಯದು ಮೊದಲನೆಯದರ ಬಳಿ ಹೋಗಿ ಹೊತ್ತೆಷ್ಟು ಎಂದು ಒಮ್ಮೆ ಕೇಳಿಕೊಳ್ಳುತ್ತದೆ. ಆಮೇಲೆ ತಾನೇ ಎಣಿಸುತ್ತಾ ಹೋಗುತ್ತದೆ. ಇಡೀ ದಿನ ಸರಿಯಾಗಿದ್ದ ಗಡಿಯಾರ ಮರುದಿನ ಬೂಟ್ ಆದೊಡನೆ ತಪ್ಪುವುದು ಈ ಕಾರಣಕ್ಕೆ. ಎಣಿಸುವವನು ಸರಿಯಿದ್ದಾನೆ, ಮೊದಲ ಮಾತು ಹೇಳಿದವನು ತಪ್ಪಿದ್ದಾನೆ. ಅಥವಾ ಹೇಳಿದವನು ಒಂದು ಅರ್ಥದಲ್ಲಿ ಹೇಳಿದ್ದು ಕೇಳಿದವನಿಗೆ ಇನ್ನೊಂದು ಅರ್ಥದಲ್ಲಿ ಕೇಳಿಸಿದೆ.

ಐಬಿಎಂ ಕಂಪೆನಿ 1981ರ ಆಗಸ್ಟ್‌ನಲ್ಲಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರಲ್ಲಿ ಬ್ಯಾಟರಿಯ ಗಡಿಯಾರವೇ ಇರಲಿಲ್ಲ. ಪ್ರತಿ ಸಲ ಚಾಲೂ ಮಾಡಿದಾಗಲೂ ಡಾಸ್ ತಂತ್ರಾಂಶ ಇವತ್ತು ತಾರೀಕು ಎಷ್ಟು, ಈಗ ಗಂಟೆ ಎಷ್ಟು ಎಂದು ಕೂತವರನ್ನೇ ಕೇಳುತ್ತಿತ್ತು. ಉತ್ತರ ಕೊಡದೆ ಎಂಟರ್ ಒತ್ತಿದರೆ ಅದು 1980ರ ಜನವರಿ 1, ಮಂಗಳವಾರ ಎಂದೇ ತಿಳಿದು ಕೆಲಸಕ್ಕೆ ತೊಡಗುತ್ತಿತ್ತು. 1984ರಲ್ಲಿ ಬಂದ ಪಿಸಿ ಎಟಿ ಮಾದರಿಯಲ್ಲಿ ಮೊಟೊರೋಲಾ ಕಂಪೆನಿಯ ಒಂದು ಗಡಿಯಾರ ಚಿಪ್ಪನ್ನು ಬ್ಯಾಟರಿಯ ಸಮೇತ ಕೂರಿಸಿದರು. ಇಂದಿನ ಯಂತ್ರಗಳ ಗಡಿಯಾರ ಆ ಚಿಪ್ಪಿನ ಸಂತತಿ. ಅದರ ಹೃದಯ ಸೆಕೆಂಡಿಗೆ 32,768 ಸಲ ಮಿಡಿಯುವ ಒಂದು ಸ್ಫಟಿಕದ ಚೂರು. ಎರಡನ್ನು ಎರಡರಿಂದ ಗುಣಿಸುತ್ತಾ 15ನೆಯ ಘಾತಕ್ಕೆ ಹೋದರೆ ಈ ಸಂಖ್ಯೆ ಸಿಗುತ್ತದೆ. 15 ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಸೆಕೆಂಡು.

ಎಚ್‌ಎಂಟಿ ಗಡಿಯಾರಕ್ಕೆ ದಿನಾ ಕೀ ಕೊಟ್ಟು ಬೆಳೆದ ತಲೆಮಾರು ನಮ್ಮದು. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ ಶುರುವಾದ ಆ ಕಾರ್ಖಾನೆಯ ಗಡಿಯಾರ ಕೀ ಕೊಡದಿದ್ದರೆ ನಿಲ್ಲುತ್ತದೆ ಎಂದು ಮಕ್ಕಳಿಗೂ ಗೊತ್ತಿತ್ತು. ನಿಂತ ಗಡಿಯಾರ ತಾನು ನಿಂತಿದ್ದೇನೆ ಎಂದು ಒಪ್ಪಿಕೊಳ್ಳುತ್ತದೆ. ಕಂಪ್ಯೂಟರಿನ ಗಡಿಯಾರದಲ್ಲಿ ಆ ಪ್ರಾಮಾಣಿಕತೆ ಇಲ್ಲ. ಬ್ಯಾಟರಿ ಸತ್ತರೂ ಅದು ನಡೆಯುತ್ತಿರುವಂತೆಯೇ ತೋರುತ್ತದೆ, ಆದರೆ ಬೇರೆ ಯಾವುದೋ ವರ್ಷದಲ್ಲಿ.

ಯಾವ ವರ್ಷ ಎಂಬುದು ಯಂತ್ರದ ಹುಟ್ಟಿನ ಗುಟ್ಟು. ಹಳೆಯ ಪಿಸಿಗಳು 1980ಕ್ಕೆ ಹೋಗುತ್ತವೆ. ಅನಂತರದವು ತಮ್ಮ ಮೂಲ ತಂತ್ರಾಂಶ ಬರೆದ ವರ್ಷಕ್ಕೆ, ಅಂದರೆ 2002ಕ್ಕೋ 2009ಕ್ಕೋ ಮರಳುತ್ತವೆ. ಯೂನಿಕ್ಸ್ ಪರಂಪರೆಯ ಯಂತ್ರಗಳು, ಮೊಬೈಲ್ ಫೋನುಗಳು, ಕ್ಯಾಮರಾ ಪೆಟ್ಟಿಗೆಗಳು 1970ರ ಜನವರಿ 1ಕ್ಕೆ ಹೋಗುತ್ತವೆ. ಅಲ್ಲೂ ಒಂದು ವಿಶೇಷವಿದೆ. ಅಮೆರಿಕದಲ್ಲಿ ಯೂನಿಕ್ಸ್ ರೂಪಿಸಿದವರು 1970ರ ಮೊದಲ ದಿನದ ನಡುರಾತ್ರಿಯನ್ನು ಸೊನ್ನೆ ಎಂದು ಹಿಡಿದು ಸೆಕೆಂಡು ಎಣಿಸತೊಡಗಿದರು. ಆದರೆ ಅದು ಗ್ರೀನಿಚ್‌ನ ನಡುರಾತ್ರಿ. ಭಾರತದಲ್ಲಿ ಆಗ ಬೆಳಗ್ಗೆ 5.30. ಆದ್ದರಿಂದ ಇಲ್ಲಿ ಇಂಥ ಯಂತ್ರ ಸ್ಮೃತಿ ತಪ್ಪಿದಾಗ 1970ರ ಜನವರಿ 1ರ ಬೆಳಗ್ಗೆ 5.30 ಎನ್ನುತ್ತದೆ. ಹೆಚ್ಚುಕಡಿಮೆ ಫಜ್ರ್ ನಮಾಝಿನ ಹೊತ್ತು. ಎಲ್ಲವನ್ನೂ ಮರೆತ ಮೇಲೂ ಅದರಲ್ಲಿ ಐದೂವರೆ ಗಂಟೆ ಉಳಿದಿರುತ್ತದೆ.

ಈ ಐದೂವರೆ ಎಲ್ಲಿಂದ ಬಂತು? ಜಗತ್ತಿನ ಹೆಚ್ಚಿನ ದೇಶಗಳು ಪೂರ್ಣ ಗಂಟೆಯ ಲೆಕ್ಕದಲ್ಲಿರುವಾಗ ನಮ್ಮದೇಕೆ ಅರ್ಧ?

ಕನ್ನಡದ ಗಡಿಯಾರ, ಉರ್ದುವಿನ ಘಡಿ ಎರಡಕ್ಕೂ ತಾಯಿ ಒಂದೇ, ಸಂಸ್ಕೃತದ ಘಟಿಕಾ. ಹಾಗೆಂದರೆ ಪುಟ್ಟ ಮಡಕೆ. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತು ಒಂದು ಘಳಿಗೆ, ಅಂದರೆ ಇಂದಿನ 24 ನಿಮಿಷ. ದಿನಕ್ಕೆ 60 ಘಳಿಗೆ. ಹಿಂದೂಸ್ತಾನಕ್ಕೆ ಬಂದ ಬಾಬರನಿಗೆ ಈ ವ್ಯವಸ್ಥೆ ಕುತೂಹಲ ತಂದಿತ್ತು. ಘಡಿ, ಪಹರ್‌ಗಳ ಲೆಕ್ಕವನ್ನೂ ಜಾಗಟೆ ಹೊಡೆಯುವ ಘಡಿಯಾಲಿಗಳನ್ನೂ ಅವನು ತನ್ನ ಆತ್ಮಕಥೆಯಲ್ಲಿ ವಿವರವಾಗಿ ಬರೆದಿದ್ದಾನೆ. ಘಡಿ ಹೊಡೆದ ಮೇಲೆ ಅದು ಎಷ್ಟನೆಯ ಪಹರ್ ಎಂಬುದನ್ನೂ ಹೊಡೆದು ತಿಳಿಸಬೇಕೆಂದು ಆಜ್ಞೆ ಮಾಡಿದ್ದನ್ನೂ ಹೇಳಿಕೊಂಡಿದ್ದಾನೆ. ರಾತ್ರಿ ಎಚ್ಚರವಾದವನಿಗೆ ಬರೇ ಘಡಿ ಕೇಳಿದರೆ ಎಷ್ಟು ರಾತ್ರಿಯಾಗಿದೆ ಎಂದು ತಿಳಿಯಬೇಕಲ್ಲ.

ನಮ್ಮ ಕರಾವಳಿಗೆ ಬಾಬರನಿಗಿಂತ ಸುಮಾರು 200 ವರ್ಷ ಮೊದಲೇ, 1340ರ ದಶಕದಲ್ಲಿ, ಇಬ್ನ್ ಬತೂತಾ ಬಂದಿದ್ದ. ಹೊನ್ನಾವರದಿಂದ ದಕ್ಷಿಣಕ್ಕೆ ಸಾಗಿದ ಅವನು ಹೆಸರಿಸುವ ಅಬೂ ಸರೂರ್ ಎಂದರೆ ಕುಂದಾಪುರದ ಬಳಿಯ ಬಸ್ರೂರು, ಫಾಕನೂರ್ ಎಂದರೆ ಬ್ರಹ್ಮಾವರದ ಬಳಿಯ ಬಾರ್ಕೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಬಾರ್ಕೂರಿನಲ್ಲಿ ಮುಸ್ಲಿಮರಿದ್ದುದನ್ನೂ ಜುಮಾ ಮಸೀದಿ ಇದ್ದುದನ್ನೂ ಅವನು ದಾಖಲಿಸಿದ್ದಾನೆ. ಮಸೀದಿ ಇದ್ದಲ್ಲಿ ಹೊತ್ತು ನೋಡುವವರೂ ಇರಲೇಬೇಕು. ನೆರಳು ಕುಗ್ಗುತ್ತಾ ಬಂದು ಮತ್ತೆ ಬೆಳೆಯತೊಡಗಿದರೆ ಝುಹರ್. ಸೂರ್ಯ ಮುಳುಗಿದರೆ ಮಗ್ರಿಬ್. ಹೆಚ್ಚುಕಡಿಮೆ ಇಬ್ನ್ ಬತೂತಾನ ಪ್ರಾಯದವನೇ ಆದ ಇಬ್ನುಶ್ಶಾತಿರ್ ದಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ಮುವಕ್ಕಿತ್, ಅಂದರೆ ವೇಳೆ ಗೊತ್ತುಮಾಡುವ ಖಗೋಳಜ್ಞನಾಗಿದ್ದ. 1371ರಲ್ಲಿ ಅವನು ಅಲ್ಲಿನ ಮಿನಾರಿಗೆ ರಚಿಸಿದ ನೆರಳುಗಡಿಯಾರ ಖಗೋಳ ಚರಿತ್ರೆಯಲ್ಲಿ ಹೆಸರಾದದ್ದು.

ಇಲ್ಲಿ ಗಮನಿಸಬೇಕಾದ್ದು, ಬಾರ್ಕೂರಿನ ಹೊತ್ತು ಬಾರ್ಕೂರಿನದೇ ಆಗಿತ್ತು ಎಂಬುದು. ಪಂಚಾಂಗ ನೋಡುವ ಭಟ್ಟರಿಗೂ ನೆರಳು ಅಳೆಯುವ ಮುಅಝ್ಝಿನನಿಗೂ ಬೇಕಾದದ್ದು ತಮ್ಮ ಊರ ಸೂರ್ಯ. ಉಸ್ಮಾನಿಯಾ ಸಾಮ್ರಾಜ್ಯದಲ್ಲಂತೂ ಸೂರ್ಯಾಸ್ತಕ್ಕೆ ಗಡಿಯಾರವನ್ನು 12ಕ್ಕೆ ತಂದು ನಿಲ್ಲಿಸುವ ಪದ್ಧತಿ ಇತ್ತು. ತುರ್ಕಿ ದೇಶ 1926ರಲ್ಲಿ ಅದನ್ನು ಕೈಬಿಟ್ಟಿತು; ಅರಬ್ ನಾಡಿನ ಕೆಲವೆಡೆ ಇನ್ನೂ ಕೆಲವು ದಶಕ ಅದು ಬಳಕೆಯಲ್ಲಿತ್ತು. ಪ್ರತಿ ಸಂಜೆ ಕೈಯಿಂದ ತಿದ್ದಬೇಕಾದ ಗಡಿಯಾರ ಎಂದರೆ ದಿನಾ ಬೂಟ್ ಆಗುವ ಗಡಿಯಾರ. ಅಂಥದ್ದನ್ನು ತಪ್ಪು ಎಂದು ಆಗ ಯಾರೂ ಕರೆಯಲಿಲ್ಲ.

ಬ್ರಿಟಿಷರ ಕಾಲದಲ್ಲಿ ಊರ ಹೊತ್ತಿನ ಮೇಲೆ ರಾಜಧಾನಿಯ ಹೊತ್ತು ಬಂದು ಕುಳಿತಿತು. ಕಂಪೆನಿಯ ಖಗೋಳಜ್ಞ ಜಾನ್ ಗೋಲ್ಡಿಂಗ್‌ಹ್ಯಾಮ್ 1802ರಲ್ಲಿ ಮದರಾಸು ವೀಕ್ಷಣಾಲಯದ ರೇಖಾಂಶವನ್ನು ನಿಗದಿ ಮಾಡಿದ. ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದೆ ಎಂಬುದು ಮದರಾಸು ಸಮಯವಾಯಿತು. ಮುಂಬೈ ಸಮಯ 4 ಗಂಟೆ 51 ನಿಮಿಷ. ಇವೆರಡರ ನಡುವೆ ಸರಿಯಾಗಿ ಅರ್ಧ ಗಂಟೆ. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿದಾಗ ಕುಂದಾಪುರ ತಾಲೂಕು ಮದರಾಸಿನಲ್ಲೇ ಉಳಿಯಿತು. ಹೀಗೆ ಶಿರೂರಿಗೂ ಭಟ್ಕಳಕ್ಕೂ ನಡುವೆ ಎರಡು ಪ್ರಾಂತ್ಯಗಳ ಗಡಿ ಬಿತ್ತು. ಇತ್ತ ಕಡೆಯ ರಾಜಧಾನಿಗೆ 12 ಗಂಟೆಯಾದಾಗ ಅತ್ತ ಕಡೆಯ ರಾಜಧಾನಿಗೆ ಇನ್ನೂ 11.30. ಕುಂದಾಪುರದ ಸೂರ್ಯ ಈ ಎರಡಕ್ಕೂ ಒಪ್ಪಿದವನಲ್ಲ. ನಮ್ಮ ರೇಖಾಂಶದ ಪ್ರಕಾರ ಇಲ್ಲಿನ ಸಮಯ 4 ಗಂಟೆ 59 ನಿಮಿಷ, ಒಂದೆರಡು ಸೆಕೆಂಡು ಹೆಚ್ಚುಕಮ್ಮಿ ಅಲ್ಲ, ಒಂದು ಹತ್ತು ಹದಿನೈದು ಸೆಕೆಂಡು ಕಡಿಮೆಯೇ ಇರಬಹುದು. ಬೈಂದೂರಿಗೂ ಬ್ರಹ್ಮಾವರಕ್ಕೂ ವ್ಯತ್ಯಾಸ ಅರ್ಧ ನಿಮಿಷವೂ ಇಲ್ಲ.

1906ರ ಜನವರಿ 1ರಿಂದ ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್ ಜಾರಿಗೆ ಬಂತು. 82.5 ಡಿಗ್ರಿ ಪೂರ್ವ ರೇಖಾಂಶ, ಗ್ರೀನಿಚ್‌ಗಿಂತ 5 ಗಂಟೆ 30 ನಿಮಿಷ ಮುಂದೆ. ದೇಶದ ಎರಡು ತುದಿಗಳ ನಡುವೆ ಒಂದು ಹೊಂದಾಣಿಕೆಯ ಗೆರೆ ಅದು. ಮದರಾಸು 9 ನಿಮಿಷ ಮುಂದೆ ಸರಿದು ಸುಮ್ಮನಾಯಿತು. ಮುಂಬೈಗೆ 39 ನಿಮಿಷದ ಪ್ರಶ್ನೆ. ಅಲ್ಲಿನ ಗಿರಣಿ ಕಾರ್ಮಿಕರು ಅದೇ ಜನವರಿಯಲ್ಲಿ ಮುಷ್ಕರ ಹೂಡಿದರು. ಸಮಯದ ಹೆಸರಿನಲ್ಲಿ 39 ನಿಮಿಷ ಬೇಗ ಗಿರಣಿಗೆ ಬಾ ಎಂದರೆ ಕತ್ತಲಲ್ಲಿ ಎದ್ದು ಹೊರಡಬೇಕಾದವನು ಕಾರ್ಮಿಕನೇ ಅಲ್ಲವೆ? ಮುಂಬೈ ನಗರದಲ್ಲಿ ಹಳೆಯ ಸಮಯ ಪೂರ್ತಿ ಹೋದದ್ದು 1955ರಲ್ಲಿ. ಅದಕ್ಕೆ ಮೊದಲು ಅಲ್ಲಿನ ಹೋಟೆಲುಗಳಿಗೆ ದುಡಿಯಲು ಹೋದ ನಮ್ಮ ಕಡೆಯವರು ರೈಲಿನ ಗಡಿಯಾರವೇ ಬೇರೆ, ನಗರದ ಗಡಿಯಾರವೇ ಬೇರೆ ಎಂಬ ಊರಿನಲ್ಲಿ ಬದುಕಿದರು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಇಡೀ ದೇಶದ ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟು, 1945ರ ಅಕ್ಟೋಬರ್ 15ರಂದು ಹಿಂದಕ್ಕೆ ತಂದರು.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಸ್ಟ್ಯಾಂಡರ್ಡ್ ಟೈಮಿನ ಮರುವರ್ಷ. ಕುಂದಾಪುರ, ಬೈಂದೂರಿನ ಮೂಲಕ ಮುಂಬೈವರೆಗಿನ ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಬೇರೆ ಊರುಗಳಿಗೆ ನಿಮಿಷದ ಶಿಸ್ತು ಕಲಿಸಿದ್ದು ರೈಲು. ನಮ್ಮಲ್ಲಿಗೆ ರೈಲೂ ಕಂಪ್ಯೂಟರೂ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಗಂಗೊಳ್ಳಿಯ ಮೀನುಗಾರರಿಗೆ ಅಲ್ಲಿಯವರೆಗೆ ಭರತ ಇಳಿತಗಳೇ ಗಡಿಯಾರ.

ಸ್ಟ್ಯಾಂಡರ್ಡ್ ಟೈಮಿಗೂ ನಮ್ಮ ಸೂರ್ಯನಿಗೂ ಇರುವ ಅಂತರ ಸುಮಾರು 31 ನಿಮಿಷ. ಕುಂದಾಪುರದಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ 12ಕ್ಕಲ್ಲ. ಫೆಬ್ರವರಿ ಎರಡನೆಯ ವಾರದಲ್ಲಿ 12.45ರ ಸುಮಾರಿಗೆ, ನವೆಂಬರ್ ಮೊದಲ ವಾರದಲ್ಲಿ 12.15ರ ಸುಮಾರಿಗೆ. ಅಂದರೆ ಅತ್ಯಂತ ಸರಿಯಾಗಿ ನಡೆಯುವ ಕಂಪ್ಯೂಟರ್ ಕೂಡ ಬಾರ್ಕೂರಿನ ಆ ಹಳೆಯ ಮುಅಝ್ಝಿನನ ಕಣ್ಣಿಗೆ ಅರ್ಧ ಗಂಟೆ ತಪ್ಪಿದ್ದೇ.

ಈಗ ಯಂತ್ರಕ್ಕೆ ಮರಳೋಣ. ಮೇಲೆ ಹೇಳಿದ ಬ್ಯಾಟರಿಯ ಗಡಿಯಾರದಲ್ಲಿ ಊರಿನ ಸಮಯ ಬರೆದಿಡಬೇಕೋ ಗ್ರೀನಿಚ್ ಸಮಯ ಬರೆದಿಡಬೇಕೋ ಎಂಬುದರಲ್ಲಿ ಎರಡು ಮತಗಳಿವೆ. ಡಾಸ್ ಕಾಲದಿಂದ ಬಂದ ರೂಢಿಯಂತೆ ವಿಂಡೋಸ್ ಅಲ್ಲಿ ಊರಿನ ಸಮಯವನ್ನು ಬರೆಯುತ್ತದೆ. ಯೂನಿಕ್ಸ್ ಮನೆತನದ ಲಿನಕ್ಸ್ ಗ್ರೀನಿಚ್ ಸಮಯವನ್ನು ಬರೆದು, ಓದುವಾಗ ಐದೂವರೆ ಗಂಟೆ ಕೂಡಿಸಿಕೊಳ್ಳುತ್ತದೆ. ಒಂದೇ ಯಂತ್ರದಲ್ಲಿ ಎರಡನ್ನೂ ಹಾಕಿಕೊಂಡರೆ ಜಗಳ ಖಂಡಿತ. ವಿಂಡೋಸ್ ಬರೆದದ್ದನ್ನು ಲಿನಕ್ಸ್ ಓದಿದರೆ ಗಡಿಯಾರ 5.30 ಗಂಟೆ ಮುಂದೆ. ಲಿನಕ್ಸ್ ಬರೆದದ್ದನ್ನು ವಿಂಡೋಸ್ ಓದಿದರೆ 5.30 ಗಂಟೆ ಹಿಂದೆ. ಇಲ್ಲಿ ಬ್ಯಾಟರಿಯೂ ಕೆಟ್ಟಿಲ್ಲ, ಚಿಪ್ಪೂ ಕೆಟ್ಟಿಲ್ಲ. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯಡಿ ಲಿನಕ್ಸ್ ಕಲಿಸಿದ್ದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದರ ಪರಿಚಯವಿದೆ. ನಮ್ಮಲ್ಲಿ ಅದನ್ನು ಹಾಕಿಕೊಳ್ಳುವವರು ಹೆಚ್ಚಾಗಿ ವಿಂಡೋಸ್ ಬಿಡದೆಯೇ ಹಾಕಿಕೊಳ್ಳುತ್ತಾರೆ. ಎರಡರಲ್ಲಿ ಯಾವುದಾದರೂ ಒಂದಕ್ಕೆ ಇನ್ನೊಂದರ ರೂಢಿಯನ್ನು ಒಪ್ಪಿಸಿದರೆ ಜಗಳ ಮುಗಿಯಿತು. ಇದಕ್ಕೆ ಲಿನಕ್ಸ್‌ನಲ್ಲಿ ಒಂದೇ ಸಾಲಿನ ಆದೇಶ ಸಾಕು.

ಇತರ ಮೊತ್ತಗಳಿಗೂ ಹೀಗೆಯೇ ಊರಿನ ಹೆಸರಿದೆ. ಗಲ್ಫಿನಿಂದ ರಜೆಗೆ ಬಂದವರು ತಂದ ಲ್ಯಾಪ್‌ಟಾಪು ಅಂತರ್ಜಾಲಕ್ಕೆ ಸೇರಿದೊಡನೆ ಒಂದೂವರೆ ಗಂಟೆ ಹಿಂದೆ ಹೋದರೆ ಅದರೊಳಗೆ ಇನ್ನೂ ಅಬುಧಾಬಿ, ಮಸ್ಕತ್ ಇದೆ ಎಂದರ್ಥ. ಎರಡೂವರೆ ಗಂಟೆಯಾದರೆ ಕುವೈತ್, ರಿಯಾದ್. ಹೊಸದಾಗಿ ವಿಂಡೋಸ್ ಹಾಕುವಾಗ ವಲಯ ಆರಿಸದೆ ಬಿಟ್ಟರೆ ಅಮೆರಿಕದ ಪಶ್ಚಿಮ ಕರಾವಳಿಯ ಸಮಯ ಉಳಿಯುವುದು ಹಿಂದೆ ಸಾಮಾನ್ಯವಾಗಿತ್ತು. ಅದು ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ, ಅವರ ಬೇಸಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಈ ಎರಡನೆಯದು ಮೋಸದ ತಪ್ಪು. ಮಧ್ಯಾಹ್ನ 3 ಗಂಟೆಗೆ ಅದು ರಾತ್ರಿಯ 2.30 ತೋರಿಸುತ್ತದೆ. ನೋಡಿದವರು ಎಎಂ, ಪಿಎಂ ಗಮನಿಸದೆ ಅರ್ಧ ಗಂಟೆ ಹಿಂದಿದೆ ಎಂದುಕೊಂಡು ಅಷ್ಟನ್ನೇ ತಿದ್ದುತ್ತಾರೆ. ಗಡಿಯಾರ ಸರಿಯಾದಂತೆ ಕಾಣುತ್ತದೆ, ಅರ್ಧ ದಿನ ತಪ್ಪಿರುತ್ತದೆ.

ನಿಜಕ್ಕೂ ಅರ್ಧ ಗಂಟೆ ತಪ್ಪಿದ್ದರೆ ಪಟ್ಟಿಯಲ್ಲಿ ಒಂದು ಮೆಟ್ಟಿಲು ಮೇಲೆ ಕೈ ಬಿದ್ದಿದೆ ಎಂದು ತಿಳಿಯಬೇಕು. ವಿಂಡೋಸ್‌ನ ವಲಯ ಪಟ್ಟಿಯಲ್ಲಿ ಇಸ್ಲಾಮಾಬಾದ್, ಕರಾಚಿ ಸಾಲು ಚೆನ್ನೈ, ಕೋಲ್ಕತಾ, ಮುಂಬೈ, ದೆಹಲಿ ಸಾಲಿನ ಹತ್ತಿರದಲ್ಲೇ ಮೇಲೆ ಇದೆ. 2008 ಮತ್ತು 2009ರ ಬೇಸಗೆಯಲ್ಲಿ ಪಾಕಿಸ್ತಾನ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರಿಂದ ಆಗ ಇದೇ ತಪ್ಪು ಅರ್ಧ ಗಂಟೆ ಮುಂದೆ ಎಂದು ಕಾಣುತ್ತಿತ್ತು. ಶ್ರೀಲಂಕಾಕ್ಕೆ ಬೇರೆಯದೇ ಸಾಲಿದೆ. 1996ರಿಂದ 10 ವರ್ಷ ಅವರು ನಮ್ಮ ಐದೂವರೆಯನ್ನು ಬಿಟ್ಟಿದ್ದರು, 2006ರ ಏಪ್ರಿಲ್‌ನಲ್ಲಿ ಮರಳಿ ಬಂದರು.

ಅರ್ಧ ಗಂಟೆ ಎಂದು ಹಗುರ ಮಾಡುವಂತಿಲ್ಲ. ನಮಾಝಿನ ವೇಳಾಪಟ್ಟಿಯನ್ನು ಈಗ ತಂತ್ರಾಂಶವೇ ಲೆಕ್ಕ ಹಾಕುತ್ತದೆ. ಅಕ್ಷಾಂಶ, ರೇಖಾಂಶ ಕುಂದಾಪುರದ್ದೇ ಕೊಟ್ಟು, ವಲಯ ಮಾತ್ರ ಕರಾಚಿಯದಾಗಿ ಉಳಿದು, ಗಡಿಯಾರವನ್ನು ಕೈಯಿಂದ ಭಾರತದ ಸಮಯಕ್ಕೆ ತಿದ್ದಿದ್ದರೆ ಇಡೀ ಪಟ್ಟಿ ಅರ್ಧ ಗಂಟೆ ಬೇಗ ಬರುತ್ತದೆ. ದುಬೈಯ ಒಂದೂವರೆ ಗಂಟೆಯ ತಪ್ಪನ್ನು ಯಾರಾದರೂ ಕಂಡುಹಿಡಿದಾರು, ಬಿಸಿಲಿರುವಾಗ ಮಗ್ರಿಬ್ ಎಂದರೆ ಮಗುವೂ ನಗುತ್ತದೆ. ಅರ್ಧ ಗಂಟೆ ಹಾಗಲ್ಲ. 2015ರಲ್ಲಿ ರಮಝಾನ್ ಬಂದದ್ದು ಜೂನ್, ಜುಲೈಯಲ್ಲಿ. ಆ ತಿಂಗಳುಗಳಲ್ಲಿ ನಮ್ಮ ಕರಾವಳಿಯ ಸಂಜೆ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಸೂರ್ಯನನ್ನೇ ಕಾಣದೆ ವಾರ ಕಳೆಯುತ್ತದೆ. ಅಂಥ ಸಂಜೆ ಪರದೆಯನ್ನು ನಂಬಿ ಇಫ್ತಾರ್ ಮಾಡಿದವನ ಉಪವಾಸದ ಗತಿ ಏನು? ಹಿಜರಿ ತಾರೀಕಿನ ಕಥೆ ಇನ್ನೊಂದು. ವಿಂಡೋಸ್ ಅದನ್ನು ಚಂದ್ರನನ್ನು ನೋಡದೆ ಬರೇ ಗಣಿತದಿಂದ ಹೇಳುತ್ತದೆ, ಎರಡು ದಿನ ಹಿಂದೆ ಮುಂದೆ ಮಾಡಿಕೊಳ್ಳಲು ಅವಕಾಶವನ್ನೂ ಇಟ್ಟಿದೆ. ಅಷ್ಟರಮಟ್ಟಿಗೆ ಅದು ವಿನಯಶಾಲಿ.

ನಂಬಿಕೆಯ ಮಾತು ಹಾಗಿರಲಿ, ಸರಕಾರದ ಲೆಕ್ಕಕ್ಕೆ ಬರೋಣ. ಪಹಣಿಯ ಆರ್‌ಟಿಸಿಯ ನಂಟು ಇಲ್ಲಿದೆ. ಕರ್ನಾಟಕದ ಭೂಮಿ ಯೋಜನೆ 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿ ಹೋಗಿ 15 ರೂಪಾಯಿಗೆ ಅಚ್ಚಿನ ಪಹಣಿ ಬಂತು. ಅದರಲ್ಲಿ ನಮಗೆ ಬಹಳ ದೊಡ್ಡದಾಗಿ ಕಂಡದ್ದು ಬೇರೆ ಒಂದು ಏರ್ಪಾಡು: ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದದ್ದಕ್ಕೆ ಮೊದಲ ಸರದಿ. ಹಿಂದೆ ಶಾನುಭೋಗರ, ಗ್ರಾಮಲೆಕ್ಕಿಗರ ಮರ್ಜಿಯಲ್ಲಿದ್ದ ಸರದಿಯನ್ನು ಯಂತ್ರ ತನ್ನ ಕೈಗೆ ತೆಗೆದುಕೊಂಡಿತು. ಬಡವನ ಮಟ್ಟಿಗೆ ಇದು ನ್ಯಾಯ. ಆದರೆ ಮೊದಲು ಬಂದವರಾರು ಎಂದು ಹೇಳುವುದು ಸಮಯ ತಾನೇ? ಜಮೀನಿನ ಆರ್‌ಟಿಸಿ ಹೀಗೆ ಗಡಿಯಾರದ ಆರ್‌ಟಿಸಿಯ ಸಾಕ್ಷ್ಯದ ಮೇಲೆ ನಿಲ್ಲುವಂತಾಯಿತು.

ಕಾನೂನೂ ಅದೇ ದಾರಿ ಹಿಡಿಯಿತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆ ಯಾವಾಗ ಹೊರಟಿತು, ಯಾವಾಗ ತಲಪಿತು ಎಂದು ನಿರ್ಧರಿಸುವ ನಿಯಮಗಳನ್ನು ತಂದಿತು. ಅದರೊಂದಿಗೆ ಸಾಕ್ಷ್ಯ ಕಾಯ್ದೆಗೆ 65ಬಿ ಕಲಂ ಸೇರಿತು. ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂಬ ಪ್ರಮಾಣಪತ್ರದ ಬೇಡಿಕೆ ಅದರಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂನಲ್ಲೂ ಅದು ಮುಂದುವರಿದಿದೆ. ಇದು ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಮಹಾರಾಷ್ಟ್ರದ ಜಾಲ್ನಾ ಕ್ಷೇತ್ರದ ಮೊಕದ್ದಮೆ ನೋಡಬೇಕು. 2014ರ ವಿಧಾನಸಭಾ ಚುನಾವಣೆಯಲ್ಲಿ ನಾಮಪತ್ರಕ್ಕೆ ಗಡುವು ಮಧ್ಯಾಹ್ನ 3 ಗಂಟೆ. ಗೆದ್ದ ಅರ್ಜುನ್ ಪಂಡಿತರಾವ್ ಖೋತ್ಕರ್ ಅವರ ನಾಮಪತ್ರ ಸಲ್ಲಿಕೆಯಾದದ್ದು ಆ ಗಡುವು ಮೀರಿದ ಮೇಲೆ ಎಂದು ಸೋತವರು ವಾದಿಸಿದರು. ಚುನಾವಣಾಧಿಕಾರಿಯ ಕಚೇರಿಯ ವಿಡಿಯೊ ಚಿತ್ರೀಕರಣವೇ ಮುಖ್ಯ ಸಾಕ್ಷ್ಯವಾಯಿತು. 2017ರಲ್ಲಿ ಮುಂಬೈ ಹೈಕೋರ್ಟು ಚುನಾವಣೆಯನ್ನು ಅಸಿಂಧುಗೊಳಿಸಿತು, 2020ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಶಾಸಕರಿಗೆ ವಕೀಲರಿದ್ದಾರೆ. ನಮ್ಮ ಆತಂಕ ಬೇರೆಯವರ ಬಗ್ಗೆ. ಕರಾವಳಿಯ ಪೇಟೆಗಳಲ್ಲಿ ಈಗ ಅಂಗಡಿಗೊಂದು ಕ್ಯಾಮರಾ. ಗಲಾಟೆಯೊಂದು ನಡೆದರೆ ಪೊಲೀಸರು ಮೊದಲು ತೆಗೆದುಕೊಂಡು ಹೋಗುವುದು ಆ ಕ್ಯಾಮರಾದ ಪೆಟ್ಟಿಗೆಯನ್ನು. ಅದರೊಳಗೂ ಸಾಮಾನ್ಯವಾಗಿ ಇಂಥದೇ ನಾಣ್ಯದಾಕಾರದ ಬ್ಯಾಟರಿ. ಮಳೆಗಾಲದಲ್ಲಿ ಸಿಡಿಲು ಬಡಿದು, ಕರೆಂಟು ಹೋಗಿ ಬಂದು, ಬ್ಯಾಟರಿಯೂ ಸತ್ತಿದ್ದರೆ ಪೆಟ್ಟಿಗೆ ಯಾವುದೋ ಇಸವಿಯಲ್ಲಿ ಕಣ್ಣು ಬಿಡುತ್ತದೆ. ಆ ಹೊತ್ತಿಗೆ ತಾನು ಅಲ್ಲಿರಲಿಲ್ಲ, ಇಲ್ಲಿ ಚಹಾ ಕುಡಿಯುತ್ತಿದ್ದೆ ಎಂದು ಹೇಳುವ ಹುಡುಗನಿಗೆ, ಅವನ ಹೆಸರು ಯಾವ ಧರ್ಮದ್ದೇ ಇರಲಿ, ಚಿತ್ರದ ಮೂಲೆಯ ಆ ಅಂಕೆಗಳೇ ಆಸರೆ. 20 ನಿಮಿಷ ತಪ್ಪಿದ ಗಡಿಯಾರ ನಿರಪರಾಧಿಯನ್ನು ಜಾಗದಲ್ಲಿ ನಿಲ್ಲಿಸಬಲ್ಲದು, ಅಪರಾಧಿಯನ್ನು ದೂರ ಇಡಬಲ್ಲದು. ಅಂಗಡಿಯವರು ವಾರಕ್ಕೊಮ್ಮೆ ಪೆಟ್ಟಿಗೆಯ ಸಮಯವನ್ನು ಮೊಬೈಲಿನ ಸಮಯದೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದರೆ ತಾರೀಕಿನ ಸಮೇತ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಮುಂದೆ ಯಾರದೋ ಬದುಕು ಉಳಿದೀತು. ಬರೆಯದೆ ಗುಟ್ಟಾಗಿ ತಿದ್ದುವುದಕ್ಕಿಂತ ಇದು ಒಳ್ಳೆಯದು, ಏಕೆಂದರೆ ತಿದ್ದಿದ ಮೇಲೆ ಹಳೆಯ ಚಿತ್ರಗಳ ತಪ್ಪಿನ ಅಳತೆ ಸಿಗುವುದಿಲ್ಲ.

ಕಂಪ್ಯೂಟರನ್ನು ಸರಿಪಡಿಸುವವರು ಕ್ರಮ ತಪ್ಪಬಾರದು. ತಾರೀಕೂ ವರ್ಷವೂ ಹೋಗಿದ್ದರೆ ಮೊದಲು ಬ್ಯಾಟರಿ. ಸಾಮಾನ್ಯವಾಗಿ ಅದು 2032 ಎಂಬ ಸಂಖ್ಯೆಯ 3 ವೋಲ್ಟಿನದು, ಕೈಗಡಿಯಾರ ರಿಪೇರಿಯವರಲ್ಲೂ ಸಿಗುತ್ತದೆ. ನಮ್ಮ ಉಪ್ಪುಗಾಳಿಗೆ ಅದರ ಕೆಳಗಿನ ಲೋಹದ ನಾಲಗೆ ಕಿಲುಬು ಹಿಡಿದಿದ್ದರೆ ಅದನ್ನೂ ಒರೆಸಬೇಕು. ತಾರೀಕು ಸರಿಯಿದ್ದು ಗಂಟೆ ಮಾತ್ರ ತಪ್ಪಿದ್ದರೆ ಬ್ಯಾಟರಿಗೆ ಹಣ ಹಾಕಬೇಡಿ, ವಲಯ ನೋಡಿ. ತಿಂಗಳಿಗೆ ಒಂದೆರಡು ನಿಮಿಷ ಜಾರುತ್ತಿದ್ದರೆ ಅದು ಸ್ಫಟಿಕದ ಸಹಜ ಗುಣ. ಅಂತರ್ಜಾಲದಿಂದ ಸಮಯ ತರಿಸುವ ಏರ್ಪಾಡು ಅದಕ್ಕಿದೆ. ಅಮೆರಿಕದ ಡೇವಿಡ್ ಮಿಲ್ಸ್ 1980ರ ದಶಕದಲ್ಲಿ ರೂಪಿಸಿದ ಈ ವಿಧಾನ ಇಂದಿಗೂ ಜಗತ್ತಿನ ಗಡಿಯಾರಗಳನ್ನು ಕೂಡಿಸುತ್ತಿದೆ. ಆತ 2024ರ ಜನವರಿಯಲ್ಲಿ ತೀರಿಕೊಂಡ. ಆದರೆ ಮನೆಯ ವಿಂಡೋಸ್ ಯಂತ್ರ 15 ಗಂಟೆಗಿಂತ ದೊಡ್ಡ ತಪ್ಪನ್ನು ಈ ಮೂಲಕ ತಾನಾಗಿ ತಿದ್ದಿಕೊಳ್ಳದಂತೆ ಮೂಲದಲ್ಲೇ ಮಿತಿ ಇದೆ. ವರ್ಷವೇ ತಪ್ಪಿದ್ದರೆ ಮೊದಲು ಕೈಯಿಂದ ತಾರೀಕು ಸರಿಮಾಡಬೇಕು. ಇಲ್ಲದಿದ್ದರೆ ಬ್ಯಾಂಕಿನ, ಸರಕಾರದ ಪುಟಗಳೂ ತೆರೆಯುವುದಿಲ್ಲ. ಆ ಪುಟಗಳ ಭದ್ರತಾ ಪತ್ರಗಳಿಗೆ ಆರಂಭದ ದಿನ, ಮುಗಿಯುವ ದಿನ ಎಂದು ಇರುತ್ತದೆ. ಎಷ್ಟೋ ಕಡೆ ನೆಟ್ ಕೆಟ್ಟಿದೆ ಎಂದು ವಿದ್ಯಾರ್ಥಿಗಳನ್ನು ಹಿಂದಕ್ಕೆ ಕಳಿಸುವುದು ಈ ಕಾರಣಕ್ಕೇ ಇರಬಹುದು ಎಂದು ನಮಗೆ ಅನುಮಾನ.

ದೇಶದ ಅಧಿಕೃತ ಸಮಯವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಸೀಸಿಯಂ ಪರಮಾಣು ಗಡಿಯಾರಗಳ ಬಲದಿಂದ. ಕಂಪೆನಿಗಳು, ಸರಕಾರಿ ಸಂಸ್ಥೆಗಳು ತಮ್ಮ ಕಂಪ್ಯೂಟರುಗಳನ್ನು ಆ ಸಮಯಕ್ಕೆ ಹೊಂದಿಸಿಕೊಳ್ಳಬೇಕೆಂದು 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ನಿರ್ದೇಶಿಸಿತು. 2025ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಭಾರತೀಯ ಪ್ರಮಾಣ ಸಮಯವನ್ನೇ ಕಡ್ಡಾಯಗೊಳಿಸುವ ಕರಡು ನಿಯಮಗಳನ್ನು ಪ್ರಕಟಿಸಿತು. 1906ರಲ್ಲಿ ಶುರುವಾದ ಕೆಲಸದ ಮುಂದಿನ ಕಂತು ಇದು.

ಹಳೆಯ ಯಂತ್ರಗಳಿಗೆ ಇನ್ನೊಂದು ಗಂಡಾಂತರ ಕಾದಿದೆ. 1970ರಿಂದ ಸೆಕೆಂಡು ಎಣಿಸುತ್ತಿರುವ ಯೂನಿಕ್ಸ್ ಲೆಕ್ಕ, 32 ಬಿಟ್ಟಿನ ಹಳೆಯ ಯಂತ್ರಗಳಲ್ಲಿ 2038ರ ಜನವರಿ 19ರಂದು ತುಂಬಿಹೋಗುತ್ತದೆ. ಭಾರತದಲ್ಲಿ ಆಗ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಮರುಕ್ಷಣ ಎಣಿಕೆ ತಲೆಕೆಳಗಾಗಿ 1901ರ ಡಿಸೆಂಬರಿಗೆ ಬೀಳುತ್ತದೆ. ಯಾವ ಊರಿನಲ್ಲಿ ಯಾವ ಕಾಲಕ್ಕೆ ಯಾವ ಸಮಯ ನಡೆಯುತ್ತಿತ್ತು ಎಂಬ ಒಂದು ಪಟ್ಟಿಯನ್ನು ಸ್ವಯಂಸೇವಕರು 1980ರ ದಶಕದಿಂದ ಕೂಡಿಸುತ್ತಾ ಬಂದಿದ್ದಾರೆ. ಲಿನಕ್ಸ್ ಯಂತ್ರಗಳಲ್ಲೆಲ್ಲ ಅದು ಇರುತ್ತದೆ. ನಮ್ಮ ದೇಶಕ್ಕೆ ಅದರಲ್ಲಿರುವ ಹೆಸರು ಏಷ್ಯಾ, ಕೋಲ್ಕತಾ. ಆ ಪಟ್ಟಿಯ ಪ್ರಕಾರ 1906ಕ್ಕೆ ಮೊದಲು ಭಾರತದಲ್ಲಿ ಐದೂವರೆ ಗಂಟೆ ಇಲ್ಲ, 5 ಗಂಟೆ 21 ನಿಮಿಷ 10 ಸೆಕೆಂಡು ಇದೆ. ಆದ್ದರಿಂದ ಯಾರೂ ತಿದ್ದದೆ ಬಿಟ್ಟ ಅಂಥದೊಂದು ಯಂತ್ರ 2038ರ ಆ ಬೆಳಗ್ಗೆ ಕುಂದಾಪುರದಲ್ಲೋ ಬೈಂದೂರಿನಲ್ಲೋ ಇದ್ದರೆ ಅದರ ಪರದೆಯ ಮೇಲೆ ಬರುವುದು 1901ರ ಡಿಸೆಂಬರ್ 14, ರಾತ್ರಿ 2 ಗಂಟೆ 7 ನಿಮಿಷ 2 ಸೆಕೆಂಡು, ಮದರಾಸು ಸಮಯ.